ಪರದೆಗೆ ಅಡ್ಡ ಬಂದ ಕಂಬ

“ಟ್ಯೂಬು, ನಿನ್ನ ತಲೆಯ ಎರಡೂ ಕಡೆ ಇರೋದು ಕಿವಿ ಅಲ್ಲ ಕಣೋ, ಹಿಡಿಕೆ. ಮೇಷ್ಟ್ರು ಹಿಡಿದು ತಿರುಚಲಿ ಅಂತ ಇಟ್ಟಿರೋದು. ಅದನ್ನ ಇಟ್ಕೊಂಡು ಸ್ಪೀಕರ್ ಆರಿಸೋಕೆ ಬಂದಿದೀಯಾ?”

ಚಿಕ್ಕಪ್ಪ ಇದನ್ನು ನನಗೆ ಹೇಳಲಿಲ್ಲ. ನನ್ನನ್ನು ನೋಡುತ್ತ, ಅಂಗಡಿ ತುಂಬ ನಿಂತಿದ್ದ ಗಿರಾಕಿಗಳಿಗೆ ಹೇಳಿದ. ಫ್ರಿಜ್ಜಿನ ಬಾಗಿಲು ತೆಗೆದು ಮುಚ್ಚಿ ನೋಡುತ್ತಿದ್ದ ಗಂಡ ಹೆಂಡತಿ ಮುಖ ಮುಖ ನೋಡಿಕೊಂಡು ನಕ್ಕರು. ಗೋಡೆಯ ಮೇಲಿನ ಟಿವಿಗಳಲ್ಲೆಲ್ಲ ಒಂದೇ ಮೀನು ಈಜುತ್ತಿತ್ತು. ಅದೂ ನಕ್ಕ ಹಾಗೆ ಕಂಡಿತು ನನಗೆ.

ನಾನು ಸುಮ್ಮನಿರುವವನಲ್ಲ. ಒಂಬತ್ತನೇ ಕ್ಲಾಸಿನಲ್ಲಿ ಮೇಷ್ಟ್ರಿಗೆ ಎದುರು ಮಾತಾಡಿ ಚೀಲ ತಗುಲಿಸಿಕೊಂಡು ಹೊರಬಿದ್ದವನು ಮತ್ತೆ ಒಳಗೆ ಕಾಲಿಡಲಿಲ್ಲ. ಅಲ್ಲಿಂದ ನೇರ ಟೈರಂಗಡಿ, ಅಲ್ಲಿ ಸಿಕ್ಕಿದ್ದು ಈ ಹೆಸರು. ಯಾರಾದರೂ ಒಂದು ಅಂದರೆ ನಾಲ್ಕು ಅಂದ ಮೇಲೇ ನನಗೆ ಊಟ ಇಳಿಯುವುದು.

“ನೀವು ಮಾರೋ ಡಬ್ಬಕ್ಕೆ ಕಿವಿ ಬೇಕಾಗಿಲ್ಲ ಚಿಕ್ಕಪ್ಪ, ಹತ್ತಿ ಬೇಕು. ತುರುಕ್ಕೊಳ್ಳೋಕೆ,” ಅಂದೆ.

ಈ ಸಲ ನಗು ನನ್ನ ಕಡೆಗೆ ಬಂತು. ಚಿಕ್ಕಪ್ಪನ ಮುಖ ಕೆಂಪಾಯಿತು. ಅವನು ನನಗೆ ಕಟ್ಟಲು ನೋಡಿದ್ದು ಒಂದೇ ಪೆಟ್ಟಿಗೆಯಲ್ಲಿ ಏಳು ಸ್ಪೀಕರು ಬರುವ ಸೆಟ್ಟು. ಎತ್ತಿ ನೋಡಿದರೆ ಒಂದೊಂದೂ ಸೋಪಿನ ಡಬ್ಬಿಯಷ್ಟು ಹಗುರ. ಸುತ್ತ ಏಳು ಇದ್ದಾವೆ ಎಂದು ಜನ ಮರುಳಾಗಿ ಕೊಳ್ಳುತ್ತಾರೆ. ಆಮೇಲೆ ಮನೆಯಲ್ಲಿ ಏಳು ಮೂಲೆಯಿಂದ ಏಳು ಸೊಳ್ಳೆ ಗುಂಯ್‌ಗುಡುತ್ತವೆ.

ನನಗೆ ಬೇಕಿದ್ದದ್ದು ಸೊಳ್ಳೆಯಲ್ಲ. ಅಮ್ಮನಿಗೆ ಮಾತು ಕೇಳಿಸಬೇಕಿತ್ತು, ಅಷ್ಟೇ.

ಅಮ್ಮ ಕಾಲು ಗಟ್ಟಿಯಿದ್ದ ಕಾಲವೆಲ್ಲ ಟಾಕೀಸೊಂದರಲ್ಲಿ ಕಸ ಗುಡಿಸಿದವಳು. ಆಟ ಮುಗಿಯುವ ಹೊತ್ತಿಗೆ ಪೊರಕೆ ಹಿಡಿದು ಬಾಗಿಲ ಹತ್ತಿರ ನಿಲ್ಲಬೇಕು. ಹಾಗಾಗಿ ಅವಳಿಗೆ ಎಷ್ಟೋ ಸಿನಿಮಾಗಳ ಕೊನೆ ಬಾಯಿಪಾಠ, ಮೊದಲು ಮಾತ್ರ ಒಂದರದ್ದೂ ಗೊತ್ತಿಲ್ಲ. “ಅವನು ಯಾಕೆ ಅಳ್ತಾನೆ ಅಂತ ಗೊತ್ತಿಲ್ಲದೇನೇ ಅವನ ಜೊತೆ ಅತ್ತಿದೀನಿ ಕಣೋ,” ಎನ್ನುತ್ತಿದ್ದಳು. ಈಗ ಸೊಂಟ ಮುರಿದು ಮಂಚ ಹಿಡಿದಿದ್ದಾಳೆ. ಮೆಟ್ಟಿಲಿಳಿಯುವ ಹಾಗಿಲ್ಲ. ಎಡಗಿವಿ ಪೂರ್ತಿ ಹೋಗಿದೆ, ಬಲಗಿವಿ ಮನಸ್ಸು ಬಂದಾಗ ಕೇಳುತ್ತದೆ. ಟಿವಿಯ ಸ್ವಂತ ಸ್ಪೀಕರಿನಲ್ಲಿ ಅವಳಿಗೆ ಕೇಳಿಸುವುದು ಗದ್ದಲ ಮಾತ್ರ. ಒಂದು ಸಿನಿಮಾವನ್ನಾದರೂ ಮೊದಲಿನಿಂದ, ಮಾತು ಬಿಡದೆ ಅವಳಿಗೆ ತೋರಿಸಬೇಕೆಂದು ನಾನು ಹಟ ಹಿಡಿದಿದ್ದೆ.

ಟೈರಂಗಡಿಯಲ್ಲಿ ಊಟದ ಹೊತ್ತಿಗೆ ಮೊಬೈಲಿನಲ್ಲಿ ಅದೇ ನೋಡುತ್ತಿದ್ದೆ. ತಿಳಿದದ್ದು ಇಷ್ಟು. ಸಿನಿಮಾದಲ್ಲಿ ಮಾತು ಬರುವುದು ಪರದೆಯ ಕೆಳಗೆ ನಡುವೆ ಇಡುವ ಸ್ಪೀಕರಿನಿಂದ. ಕೈಯಲ್ಲಿ ಕಾಸು ಕಡಿಮೆ ಇದ್ದರೆ ಅದರ ಮೇಲೆ ಸುರಿಯಬೇಕು, ಆಮೇಲೆ ಅದರ ಎಡಬಲದ ಎರಡರ ಮೇಲೆ. ಬೆನ್ನ ಹಿಂದಿನವು ಹಕ್ಕಿಯ ಕೂಗಿಗೂ ಗುಂಡೇಟಿನ ಸದ್ದಿಗೂ. ಅವು ಮುಂದೆಂದಾದರೂ ಬರಲಿ, ಅಮ್ಮನಿಗೆ ಹಕ್ಕಿಯ ಅವಸರವಿಲ್ಲ. ನಡುವಿನದನ್ನು ಊರಿನ ಇನ್ನೊಂದು ತುದಿಯ ಅಂಗಡಿಯಲ್ಲಿ ಹೊಸದಾಗಿಯೇ ಕೊಂಡೆ. ಹೆಂಗಸೊಬ್ಬಳು ಪಿಸುಗುಟ್ಟುವ ದೃಶ್ಯ ಹಾಕಿಸಿ, ಅಂಗಡಿಯವನಿಗೆ ಬೇಸರ ಬರುವವರೆಗೂ ಅದನ್ನೇ ಕೇಳಿ, ಒಪ್ಪಿಕೊಂಡೆ. ಉಳಿದದ್ದು ಹಳೆಯ ಮಾಲು. ಜಿಮ್ ಮುಚ್ಚಿದವನೊಬ್ಬ ಆಂಪ್ಲಿಫೈಯರು, ಜೋಡಿ ಸ್ಪೀಕರು, ದಪ್ಪ ದನಿಗೆಂದೇ ಇರುವ ಸಬ್‌ವೂಫರು ಎಲ್ಲ ಒಟ್ಟಿಗೆ ಮಾರುತ್ತಿದ್ದ. ಆ ಸಬ್‌ವೂಫರು ಮಂಚದ ಪಕ್ಕದ ಸ್ಟೂಲಿನಷ್ಟು ದೊಡ್ಡದು, ಕಪ್ಪಗೆ, ಹೆಣಭಾರ.

ಅದನ್ನು ಹೆಗಲ ಮೇಲಿಟ್ಟು ಮೆಟ್ಟಿಲು ಹತ್ತುವಾಗ ಚಿಕ್ಕಪ್ಪ ಕೆಳಗಿನ ಅಂಗಡಿಯ ಗಾಜಿನ ಹಿಂದಿನಿಂದ ನೋಡಿದ. ಏನೂ ಅನ್ನಲಿಲ್ಲ. ಅವನು ಏನೂ ಅನ್ನದಿದ್ದರೆ ಎಲ್ಲೋ ಬರೆದಿಟ್ಟುಕೊಂಡ ಎಂದೇ ಅರ್ಥ.

ಮನೆ ತಾತ ಕಟ್ಟಿಸಿದ್ದು. ಕೆಳಗಿನದು ಚಿಕ್ಕಪ್ಪನ ಪಾಲು, ಮೇಲಿನ ಎರಡು ಕೋಣೆ ಅಪ್ಪನ ಪಾಲು. ಅಪ್ಪ ಹೋದ ಮೇಲೆ ಅಲ್ಲಿ ಅಮ್ಮ ಮತ್ತು ನಾನು. ಕೆಳಗೆ ಮುಂದೆ ಅಂಗಡಿ, ಹಿಂದೆ ಒಂದು ದೊಡ್ಡ ಕೋಣೆ, ನಮ್ಮ ಕಿಟಕಿಯ ಗೋಡೆ ನಿಂತಿದ್ದು ಅದರ ನಡುಮಧ್ಯದ ಮೇಲೆ. ಆ ಕೋಣೆಗೆ ಚಿಕ್ಕಪ್ಪ ಬೀಗ ಜಡಿದು ಕೆಲಸ ಮಾಡಿಸುತ್ತಿದ್ದ. ಹೋಮ್ ಥಿಯೇಟರು ಕೊಳ್ಳುವವರಿಗೆ ತೋರಿಸಲು ಡೆಮೊ ಕೋಣೆಯಂತೆ, ಗೋಡೆಗೆಲ್ಲ ಕಪ್ಪು ಬಟ್ಟೆ, ಮೆತ್ತನೆ ಕುರ್ಚಿ, ಒಂದು ಗೋಡೆಯಿಂದ ಇನ್ನೊಂದು ಗೋಡೆಯವರೆಗೂ ಪರದೆ. ಕೆಲಸ ನಡೆಯುವಾಗ ಹಗಲೆಲ್ಲ ಧಡಾಧಡ್ ಸದ್ದು. ನಾನು ಟೈರಂಗಡಿಯಲ್ಲಿರುತ್ತಿದ್ದೆ. ಅಮ್ಮನಿಗೆ ಕೇಳಿಸುತ್ತಿರಲಿಲ್ಲ.

ಆ ಕೆಲಸ ಮುಗಿದ ಮೇಲೆ ನಮ್ಮ ಬಾಗಿಲು ಹಟ ಮಾಡತೊಡಗಿತು. ಮುಚ್ಚಿದರೆ ಮೇಲಿನ ಮೂಲೆ ಚೌಕಟ್ಟಿಗೆ ಕಚ್ಚಿಕೊಳ್ಳುತ್ತಿತ್ತು. ನನಗೆ ಬಾಗಿಲ ಮೇಲೇ ಸಿಟ್ಟು. ಅರ ತಂದು ಉಜ್ಜಿ ಉಜ್ಜಿ ಮೂಲೆ ಸವೆಸಿದೆ. ವಾರ ತುಂಬುವುದರೊಳಗೆ ಮತ್ತೆ ಕಚ್ಚಿತು. ಮತ್ತೆ ಸವೆಸಿದೆ. ಅಮ್ಮ ಬೆಳಿಗ್ಗೆ ಎದ್ದು ಹೊದಿಕೆ ಕೊಡವುತ್ತ, “ರಾತ್ರಿಯೆಲ್ಲ ಯಾರೋ ನನ್ನ ಮೇಲೆ ಹಿಟ್ಟು ಜರಡಿ ಹಿಡೀತಾರೆ ಕಣೋ,” ಎನ್ನುತ್ತಿದ್ದಳು. ನೋಡಿದರೆ ಸುಣ್ಣದ ಪುಡಿ. ಹಳೇ ಸುಣ್ಣ, ಉದುರುತ್ತದೆ ಎಂದೆ. ಒಂದು ದಿನ ಜೇಬಿನಿಂದ ಬೇರಿಂಗಿನ ಗುಂಡು ಬಿತ್ತು. ಅದು ನಿಲ್ಲಲಿಲ್ಲ. ಅವಸರವಿಲ್ಲದೆ, ದಾರಿ ಗೊತ್ತಿರುವವರ ಹಾಗೆ ಉರುಳಿ ಉರುಳಿ ಕಿಟಕಿಯ ಕೆಳಗಿನ ಮೂಲೆಗೆ ಹೋಗಿ ಕೂತಿತು. ನಾನು ಹೋಗಿ ಎತ್ತಿಕೊಂಡೆ, ಅಷ್ಟೇ.

ಸ್ಪೀಕರುಗಳನ್ನು ಜೋಡಿಸಿದ ಸಂಜೆ ಮಾತು ಎಷ್ಟು ಸ್ಪಷ್ಟವಾಗಿ ಬಂತೆಂದರೆ ಅಮ್ಮ ದಿಂಬಿನಿಂದ ತಲೆಯೆತ್ತಿದಳು. “ಅವನು ಈಗ ‘ನಾಳೆ ಬರ್ತೀನಿ’ ಅಂದ, ಅಲ್ವಾ?” ಎಂದು ಕೇಳಿದಳು. ಹೌದಮ್ಮಾ ಎಂದೆ. ಆದರೆ ಪರದೆಯ ಮೇಲೆ ಗುಡುಗು ಬಂದ ಕೂಡಲೇ ದಪ್ಪ ದನಿಯ ಜೊತೆ ಒಂದು ಗರಗರ ಸದ್ದು ಬಂತು. ಗಂಟಲಿನಲ್ಲಿ ಕಫ ಕಟ್ಟಿದ ಮುದುಕನ ಉಸಿರಿನ ಹಾಗೆ. ಕಿಟಕಿಯ ಗಾಜಿಗೆ ಕಾಗದ ಸಿಕ್ಕಿಸಿದೆ. ಪಾತ್ರೆಗಳನ್ನು ಕೆಳಗಿಳಿಸಿದೆ. ಸದ್ದು ಹೋಗಲಿಲ್ಲ.

ಹರಿದ ಮಾಲು ಕಟ್ಟಿದ್ದಾನೆ ಎಂದುಕೊಂಡು ಜಿಮ್ಮಿನವನಿಗೆ ಫೋನು ಮಾಡಿ ಬಾಯಿಗೆ ಬಂದದ್ದೆಲ್ಲ ಬೈದೆ. ಪಾಪ, ಭಾನುವಾರ ಮಧ್ಯಾಹ್ನ ಮನೆಗೇ ಬಂದ. ಬಾಗಿಲಷ್ಟು ಅಗಲದ ಮನುಷ್ಯ, ದನಿ ಮಾತ್ರ ಮಗುವಿನದು. ಸಬ್‌ವೂಫರನ್ನು ಕಂಕುಳಲ್ಲಿ ಎತ್ತಿಕೊಂಡು ಕೆಳಗೆ ಹೋಗಿ, ಉದ್ದ ವೈರು ಎಳೆದು, ಫುಟ್‌ಪಾತಿನ ಮೇಲಿಟ್ಟು ಅದೇ ಗುಡುಗು ಹಾಕಿದ. ಗರಗರ ಇಲ್ಲ. ಶುದ್ಧ ಗುಡುಗು. ದಾರಿಯಲ್ಲಿ ಹೋಗುತ್ತಿದ್ದವನೊಬ್ಬ ಆಕಾಶ ನೋಡಿದ.

“ಆ ಸದ್ದು ನನ್ನ ಡಬ್ಬದ್ದಲ್ಲ ತಮ್ಮಾ,” ಅಂದ. “ನಿಮ್ಮ ಮನೇದು.”

“ಮನೆ ಎಲ್ಲಾದ್ರೂ ಗೊರಕೆ ಹೊಡೆಯುತ್ತೇನ್ರೀ?”

“ಎಲ್ಲೋ ಏನೋ ಸಡಿಲ ಆಗಿದೆ. ಹುಡುಕು. ಡಬ್ಬಾನ ಅಮ್ಮನ ಮಂಚದ ಮೇಲೆ ಇಡು, ದಪ್ಪ ದನಿ ಹಾಕಿ ಬಿಡು, ನೀನು ನೆಲದ ಮೇಲೆ ಅಂಬೆಗಾಲಲ್ಲಿ ಸುತ್ತು. ಎಲ್ಲಿ ದನಿ ಚೆನ್ನಾಗಿ ಕೇಳುತ್ತೋ ಅಲ್ಲಿ ಡಬ್ಬ ಇಡಬೇಕು. ಎಲ್ಲಿ ಗರಗರ ಬರುತ್ತೋ ಅಲ್ಲಿ ರೋಗ. ಜಿಮ್ಮಲ್ಲಿ ನಾನೂ ಹಂಗೇ ಮಾಡಿದ್ದು. ನೋಡಿದೋರು ಹೊಸ ಥರ ಕಸರತ್ತು ಅಂದ್ಕೊಂಡ್ರು.”

ಅವನಿಗೆ ಬೈದದ್ದಕ್ಕೆ ನಾಚಿಕೆಯಾಗಬೇಕಿತ್ತು. ಆಗಲಿಲ್ಲ. ಬೈಯಲು ಇನ್ನು ಯಾರು ಉಳಿದರು ಎಂದು ಹುಡುಕುತ್ತ ಮೇಲೆ ಬಂದೆ.

ಅಮ್ಮನನ್ನು ಗೋಡೆಯ ಕಡೆ ಸರಿಸಿ ಸಬ್‌ವೂಫರನ್ನು ಅವಳ ಕಾಲ ಹತ್ತಿರ ಇಟ್ಟೆ. ಒಂದೇ ಸಮನೆ ಮೊಳಗುವ ದಪ್ಪ ದನಿ ಹಾಕಿದೆ. ನೆಲಕ್ಕೆ ಕಿವಿ ತಾಗಿಸಿಕೊಂಡು ಸುತ್ತಲು ಶುರು ಮಾಡಿದೆ.

“ಮಗುವಾಗಿದ್ದಾಗಲೂ ನೀನು ಇಷ್ಟು ಚೆನ್ನಾಗಿ ಅಂಬೆಗಾಲಿಡಲಿಲ್ಲ ಕಣೋ,” ಅಂದಳು ಅಮ್ಮ. “ನಿಮ್ಮಪ್ಪ ಇರಬೇಕಿತ್ತು.”

ಟಿವಿಯ ಪಕ್ಕ ದನಿ ದುಂಡಗಿತ್ತು. ಅಡುಗೆಮನೆಯ ಹೊಸ್ತಿಲಲ್ಲಿ ಸತ್ತೇ ಹೋಗಿತ್ತು. ಕಿಟಕಿಯ ಕೆಳಗಿನ ಮೂಲೆಗೆ, ಆ ಬೇರಿಂಗು ಗುಂಡು ಹೋಗಿ ಕೂತ ಜಾಗಕ್ಕೆ ಬಂದಾಗ, ಕಿವಿಯ ಕೆಳಗೆ ನೆಲ ಅದುರಿತು. ಗಟ್ಟಿ ನೆಲ ಅದುರುವ ಹಾಗಲ್ಲ. ಬಿಗಿ ಹೋದ ಡೋಲಿನ ಚರ್ಮದ ಹಾಗೆ, ಜೋಲುಜೋಲಾಗಿ. ಗರಗರ ಅಲ್ಲಿಂದ ಬರುತ್ತಿತ್ತು, ಕೆಳಗಿನಿಂದ. ನಾನು ರಿಮೋಟು ಒತ್ತಿ ದನಿ ನಿಲ್ಲಿಸಿದೆ.

ನೆಲ ನಿಲ್ಲಲಿಲ್ಲ. ಒಂದು ಉಸಿರಿನಷ್ಟು ಹೊತ್ತು ಅದು ತನ್ನಷ್ಟಕ್ಕೆ ತಾನೇ ನಡುಗುತ್ತಿತ್ತು. ಆಮೇಲೆ ಕೆಳಗೆಲ್ಲೋ ಸಣ್ಣ ಕಲ್ಲುಗಳು ಹಲಗೆಯ ಮೇಲೆ ಉದುರಿದ ಸದ್ದು.

ನಾನು ನೆಲದಿಂದ ಕಿವಿ ತೆಗೆದೆ. ಕೆನ್ನೆಗೆ ತಣ್ಣನೆ ಪುಡಿ ಅಂಟಿತ್ತು.

ಕೆಳಗಿಳಿದು ಹೋದೆ. ಆ ಸಂಜೆಯೇ ಡೆಮೊ ಕೋಣೆಯ ಉದ್ಘಾಟನೆ. ಬಾಗಿಲಿಗೆ ಕೆಂಪು ರಿಬ್ಬನ್ ಕಟ್ಟಿ, ಬೀಗ ತೆಗೆದಿದ್ದರು. ರಿಬ್ಬನ್ನಿನ ಕೆಳಗೆ ನುಸುಳಿ ಒಳಗೆ ಹೋದೆ. ಕಪ್ಪು ಗೋಡೆ, ಕಪ್ಪು ಚಾವಣಿ, ಸಾಲು ಕುರ್ಚಿ. ಹೊಸ ಬಟ್ಟೆಯ, ಅಂಟಿನ ವಾಸನೆ. ಏನೋ ಇಲ್ಲ ಅನ್ನಿಸಿತು. ಏನೆಂದು ತಕ್ಷಣ ಹೊಳೆಯಲಿಲ್ಲ. ಬಾಯಿಯಲ್ಲಿ ಹಲ್ಲು ಬಿದ್ದ ಜಾಗಕ್ಕೆ ನಾಲಿಗೆ ಹೋದ ಹಾಗೆ ಕಣ್ಣು ಕೋಣೆಯ ನಡುವಿಗೇ ಹೋಗುತ್ತಿತ್ತು.

ಕಂಬ. ಕೋಣೆಯ ನಡುವೆ ತಾತ ನಿಲ್ಲಿಸಿದ ಕಂಬವಿತ್ತು. ಅದಕ್ಕೆ ನನ್ನನ್ನು ಒರಗಿಸಿ ಅಪ್ಪ ಮೊಳೆಯಿಂದ ಗೀರು ಹಾಕುತ್ತಿದ್ದ, ಎಷ್ಟು ಉದ್ದ ಬೆಳೆದೆ ಎಂದು. ಈಗ ಆ ಜಾಗದಲ್ಲಿ ನಡುಸಾಲಿನ ಕುರ್ಚಿ.

ಅದರ ಮೇಲೆ ಹತ್ತಿ ನಿಂತು ಚಾವಣಿಯ ಕಪ್ಪು ಹಲಗೆಯೊಂದನ್ನು ಎತ್ತಿದೆ. ಮುಖದ ಮೇಲೆ ಮಣ್ಣು ಸುರಿಯಿತು. ಮೊಬೈಲಿನ ಬೆಳಕು ಬಿಟ್ಟೆ. ಕಂಬದ ಬದಲು ಒಂದು ಗೋಡೆಯಿಂದ ಇನ್ನೊಂದಕ್ಕೆ ಕಬ್ಬಿಣದ ತೊಲೆ ಕೊಟ್ಟಿದ್ದರು. ಅದು ನಡುವೆ ಕೆಳಕ್ಕೆ ಬಾಗಿತ್ತು, ಒದ್ದೆ ಬಟ್ಟೆ ಒಣಹಾಕಿದ ಹಗ್ಗದ ಹಾಗೆ. ಅದರ ಮೇಲೆ ನಮ್ಮ ನೆಲ. ನೆಲದ ಅಡಿಭಾಗದಲ್ಲಿ ನನ್ನ ಬೆರಳು ತೂರುವಷ್ಟು ಬಿರುಕು. ಆ ಬಿರುಕಿನ ಆಚೆ, ಒಂದೇ ಮೊಳ ಮೇಲೆ, ಅಮ್ಮನ ಮಂಚ.

“ಇಳಿಯೋ ಕೆಳಗೆ. ಕುರ್ಚಿ ಹೊಸದು.”

ಚಿಕ್ಕಪ್ಪ ಬಾಗಿಲಲ್ಲಿ ನಿಂತಿದ್ದ. ಇಸ್ತ್ರಿ ಮಾಡಿದ ಬಟ್ಟೆ, ಕೈಯಲ್ಲಿ ಕತ್ತರಿ.

“ಕಂಬ ಎಲ್ಲಿ?” ಅಂದೆ.

“ಪರದೆಗೆ ಅಡ್ಡ ಬರ್ತಿತ್ತು ಕಣೋ. ನಡುವೆ ಕೂತವನಿಗೆ ಹೀರೋ ಎರಡು ತುಂಡಾಗಿ ಕಾಣ್ತಿದ್ದ. ದುಡ್ಡು ಇರೋ ಗಿರಾಕಿ ಕೂರೋದೇ ನಡುವೆ.”

“ಅದು ಮೇಲಿನ ಮನೇನ ಹೊತ್ಕೊಂಡಿತ್ತು.”

“ಕಬ್ಬಿಣ ಕೊಟ್ಟಿದೀನಲ್ಲ. ಮೇಸ್ತ್ರಿ ಏನೂ ಆಗಲ್ಲ ಅಂದಿದಾನೆ.”

“ಮೇಸ್ತ್ರಿ ಬಂದು ಮೇಲೆ ಮಲಗ್ತಾನಾ? ಹತ್ತಿ ನೋಡು, ಬಾಗಿದೆ. ಬಿರುಕು ಬಿಟ್ಟಿದೆ.” ಅಲ್ಲಿಯವರೆಗೆ ಹೇಗೋ ಉಳಿದಿದ್ದ ‘ನೀವು’ ಅಲ್ಲಿಗೆ ಬಿದ್ದುಹೋಯಿತು.

ಅವನು ಹತ್ತಲಿಲ್ಲ. ತಲೆಯೆತ್ತಿಯೂ ನೋಡಲಿಲ್ಲ. ಆಗ ನನಗೆ ಗೊತ್ತಾಯಿತು, ಅವನು ಮೊದಲೇ ನೋಡಿದ್ದಾನೆ. ಆ ಹಲಗೆಯನ್ನು ಮುಚ್ಚಿಸಿದವನೇ ಅವನು.

“ನಿನ್ನ ಹಾಳು ಡಬ್ಬ ಮೇಲೆ ಗುದ್ದಿ ಗುದ್ದಿ ಬಿಟ್ಟಿರೋ ಬಿರುಕದು,” ಅಂದ ತಣ್ಣಗೆ. “ಯಾರಾದ್ರೂ ಕೇಳಿದ್ರೆ ನಾನು ಹೇಳೋದೂ ಅದನ್ನೇ. ಬೀದಿ ಮಧ್ಯೆ ಇಟ್ಟು ಗುಡುಗಿಸಿದ್ದು ಊರೇ ನೋಡಿದೆ. ಇವತ್ತು ಸಂಜೆ ಮುಗೀಲಿ, ಆಮೇಲೆ ಕೆಳಗಿಂದ ಜಾಕ್ ಕೊಟ್ಟು ಎತ್ತಿಸೋಣ. ಈಗ ಮಣ್ಣು ಗುಡಿಸು. ನಿಮ್ಮಮ್ಮನ ಕಸುಬು ನಿನಗೂ ಬರಬೇಕಲ್ಲ.”

ಕುರ್ಚಿಯಿಂದ ಹಾರಿ ಕೈ ಎತ್ತುತ್ತಿದ್ದೆ. ಅಷ್ಟರಲ್ಲಿ ಅವನು ಗೋಡೆಯ ಮೇಲಿನ ಗುಂಡಿ ಒತ್ತಿ ಸಂಜೆಗೆಂದು ಸದ್ದು ಪರೀಕ್ಷಿಸಿದ. ಅವನ ಸಬ್‌ವೂಫರುಗಳು ನನ್ನದರ ಅಪ್ಪಂದಿರು, ನಾಲ್ಕು ಮೂಲೆಗೆ ನಾಲ್ಕು. ಎದೆಗೂಡಿನೊಳಗೆ ಯಾರೋ ಕೈಯಿಟ್ಟು ಅದುಮಿದ ಹಾಗಾಯಿತು. ಎತ್ತಿದ ಹಲಗೆಯ ಸಂದಿಯಿಂದ ಮಣ್ಣು ಒಂದು ಎಳೆಯಾಗಿ ಇಳಿಯತೊಡಗಿತು. ಬಾಗಿಲ ಮೇಲಿನ ಸಂದಿಯಿಂದ ಉದುರಿದ್ದು ಅವನ ಇಸ್ತ್ರಿಯ ಹೆಗಲ ಮೇಲೆ ಬಿತ್ತು. ಅವನು ಅದನ್ನು ಕೊಡವಿಕೊಂಡ.

ನಾನು ಓಡಿದೆ.

ನೋಡಿದ್ದನ್ನು ಹೇಳಿ ಹೊರಗೆ ಹೋಗೋಣ ಎಂದರೆ ಅಮ್ಮ ಒಪ್ಪಲಿಲ್ಲ. “ಅವನು ನನ್ನ ಮೈದುನ ಕಣೋ. ನಾನು ಕೈಯಾರೆ ಸ್ನಾನ ಮಾಡಿಸಿ ಬೆಳೆಸಿದ ಹುಡುಗ. ಅತ್ತಿಗೆ ಮಲಗಿರೋ ಮನೆ ಕೆಳಗೆ ಹಂಗೆ ಮಾಡ್ತಾನಾ? ನಿಂಗೆ ಅವನ ಮೇಲೆ ಸಿಟ್ಟು.”

“ಸಿಟ್ಟಿದೆ. ಸಿಟ್ಟಿದ್ದ ಮಾತ್ರಕ್ಕೆ ಸುಳ್ಳಾ?”

ಅವಳಿಗೆ ಕೇಳಿಸಿತೋ ಇಲ್ಲವೋ. ಮುಖ ತಿರುಗಿಸಿದಳು. ನಾಲ್ಕು ಮಾತಾಡಿದೆ, ನಲವತ್ತು ಮಾತಾಡಿದೆ. ಇಷ್ಟು ದಿನ ಎಲ್ಲರಿಗೂ ಎಲ್ಲದಕ್ಕೂ ಉತ್ತರ ಕೊಟ್ಟು ಕೊಟ್ಟು ನನ್ನ ಬಾಯಿಗೆ ಬೆಲೆಯೇ ಉಳಿದಿರಲಿಲ್ಲ. ತೋಳ ಬಂತು ಎಂದರೂ, ಟ್ಯೂಬು ಮತ್ತೆ ಯಾರ ಮೇಲೋ ಕೂಗಾಡುತ್ತಿದ್ದಾನೆ ಎಂದೇ ಎಲ್ಲರೂ ತಿಳಿಯುತ್ತಾರೆ. ಕೊನೆಗೆ ಅವಳ ಕೈ ಹಿಡಿದು, ಅಂಗೈಯನ್ನು ಗೋಡೆಗೆ ಒತ್ತಿದೆ.

ಕೆಳಗೆ ಚಿಕ್ಕಪ್ಪ ಇನ್ನೊಮ್ಮೆ ಸದ್ದು ಹಾಕಿದ್ದ. ಅಮ್ಮನ ಕಿವಿಗೆ ಅದು ತಲುಪುವಂತಿರಲಿಲ್ಲ. ಕೈಗೆ ತಲುಪಿತು. ಅವಳ ಕಣ್ಣು ನಿಧಾನವಾಗಿ ಗೋಡೆಯ ಮೇಲೇರಿ ಚಾವಣಿಗೆ ಹೋಯಿತು, ಅಲ್ಲಿಂದ ನನ್ನ ಮುಖಕ್ಕೆ ಬಂತು.

“ಉಸಿರಾಡ್ತಾ ಇದೆಯಲ್ಲೋ,” ಅಂದಳು. ಆಮೇಲೆ, “ನನ್ನ ಕನ್ನಡಕ ತಗೋ,” ಅಂದಳು.

ಅವಳನ್ನು ಬೆನ್ನ ಮೇಲೆ ಹೊತ್ತುಕೊಂಡೆ. ಸೊಂಟಕ್ಕೆ ನೋವಾಗದಂತೆ ಹೊದಿಕೆಯಿಂದ ನನಗೆ ಕಟ್ಟಿಕೊಂಡೆ. ಸಬ್‌ವೂಫರಿಗಿಂತ ಹಗುರವಾಗಿದ್ದಳು. ಮೂರು ಸ್ಪೀಕರೂ ಪರದೆಯ ಹತ್ತಿರ ನನ್ನನ್ನೇ ನೋಡುತ್ತಿದ್ದವು. ನೋಡಲಿ. ಬಾಗಿಲು ಎಳೆದರೆ ಬರಲಿಲ್ಲ. ಎರಡು ಸಲ ಸವೆಸಿದ ಮೂಲೆ ಮತ್ತೆ ಕಚ್ಚಿ ಹಿಡಿದಿತ್ತು. ಒಂದು ಕಾಲನ್ನು ಗೋಡೆಗೆ ಕೊಟ್ಟು ಎಳೆದೆ. ಬಾಗಿಲು ತೆರೆಯಿತು, ಅದರೊಂದಿಗೆ ಚೌಕಟ್ಟಿನ ಮೇಲಿನ ಗಾರೆಯೂ ಕಳಚಿ ಬಿತ್ತು.

ಮೆಟ್ಟಿಲ ಬುಡದಲ್ಲಿ ಕರೆಂಟಿನ ಮೀಟರು. ಅಷ್ಟು ಹೊತ್ತಿಗೆ ಕತ್ತಲಾಗುತ್ತಿತ್ತು. ರಿಬ್ಬನ್ ಕತ್ತರಿಸಿ ಆಗಿತ್ತು. ಜನ ಒಳಗೆ ಕೂತಿದ್ದರು, ಮಕ್ಕಳ ಸಮೇತ. ಬಾಗಿಲಲ್ಲಿ ನಿಂತು ಹೇಳಿದೆ, “ಎಲ್ಲರೂ ಹೊರಗೆ ಬನ್ನಿ. ಚಾವಣಿ ಬಾಗಿದೆ, ಕಂಬ ತೆಗೆದಿದಾರೆ.”

ಚಿಕ್ಕಪ್ಪ ಮುಂದಿನ ಸಾಲಿನಿಂದ ಎದ್ದ. ದನಿಯಲ್ಲಿ ಬೆಣ್ಣೆ.

“ನಮ್ಮಣ್ಣನ ಮಗ. ಕಡಿಮೆಗೆ ಸ್ಪೀಕರ್ ಕೊಡಲಿಲ್ಲ ಅಂತ ಹೊಟ್ಟೆಕಿಚ್ಚು. ಪಾಪ, ಆ ಕಾಯಿಲೆ ಹೆಂಗಸನ್ನೂ ಹೊತ್ಕೊಂಡು ಬಂದಿದಾನೆ ನಾಟಕಕ್ಕೆ. ಟಿಕೆಟ್ ಇಲ್ಲದ ಸಿನಿಮಾ ಇದು, ನೋಡಿ.”

ನಕ್ಕರು. ಫ್ರಿಜ್ಜು ನೋಡುತ್ತಿದ್ದ ಗಂಡ ಹೆಂಡತಿಯೂ ಅಲ್ಲಿದ್ದರು. ಅವರು ಕೂತಿದ್ದು ನಡುಸಾಲಿನಲ್ಲಿ, ಕಂಬದ ಜಾಗದಲ್ಲಿ. ಯಾರೂ ಏಳಲಿಲ್ಲ. ದೀಪಗಳು ಒಂದೊಂದಾಗಿ ಮಂಕಾದವು, ಪರದೆ ಬೆಳಗಿತು.

ನನ್ನ ಬಾಯಿಯಲ್ಲಿ ಉತ್ತರ ಸಿದ್ಧವಿತ್ತು. ಒಳ್ಳೆಯ ಉತ್ತರ, ನಗಿಸುವಂಥದ್ದು. ಹೇಳಿದ್ದರೆ ಆ ನಗು ಮುಗಿಯುವಷ್ಟರಲ್ಲಿ ಅವನು ಗುಂಡಿ ಒತ್ತಿರುತ್ತಿದ್ದ. ನುಂಗಿಕೊಂಡೆ. ಮೀಟರಿನ ಹತ್ತಿರ ಹೋಗಿ, ಬಿಳಿ ಪಿಂಗಾಣಿಯ ಫ್ಯೂಸುಗಳನ್ನು ಕಿತ್ತು ಜೇಬಿಗೆ ಹಾಕಿಕೊಂಡೆ.

ಅಂಗಡಿಯೆಲ್ಲ ಕತ್ತಲು. ಊರಿಗೆಲ್ಲ ಯುಪಿಎಸ್ ಮಾರಿದವನು ತನ್ನ ಅಂಗಡಿಗೆ ಹಾಕಿಸಿಕೊಂಡಿರಲಿಲ್ಲ. ಮಗುವೊಂದು ಅತ್ತಿತು. ಕುರ್ಚಿಗಳು ಸರಿದವು, ಯಾರೋ ಎಡವಿದರು, ಮೊಬೈಲು ದೀಪಗಳು ಹೊತ್ತಿಕೊಂಡವು. ಗೊಣಗುತ್ತ, ಒಬ್ಬರನ್ನೊಬ್ಬರು ತಳ್ಳುತ್ತ ಜನ ಬೀದಿಗೆ ಬಂದರು. ನಾನು ಆಗಲೇ ರಸ್ತೆಯ ಆಚೆ ಬದಿಯಲ್ಲಿದ್ದೆ.

ಕೊನೆಗೆ ಚಿಕ್ಕಪ್ಪ ಹೊಸ್ತಿಲಿಗೆ ಬಂದ. “ಫ್ಯೂಸ್ ಎಲ್ಲೋ, ಕಳ್ಳ ನನ್ಮಗನೇ? ಎಲ್ಲರ ಮುಂದೆ ಕೇಳ್ತಿದೀನಿ, ಬಾಯಿ ಬಿಡು. ಬೇರೆ ದಿನ ಮುಚ್ಚದೇ ಇರೋ ಬಾಯಿ ಇವತ್ತು ಎಲ್ಲಿ ಹೋಯ್ತು?”

ಜನ ನನ್ನ ಕಡೆ ತಿರುಗಿದರು, ಉತ್ತರಕ್ಕೆ ಕಾದರು. ಆ ಕಾಯುವಿಕೆಯಲ್ಲಿ ಬೀದಿ ಮೌನವಾಯಿತು. ಫ್ಯಾನಿಲ್ಲ, ಟಿವಿಯಿಲ್ಲ, ಫ್ರಿಜ್ಜಿನ ಗುಂಯ್ ಇಲ್ಲ. ಆಗ ಎಲ್ಲರಿಗೂ ಕೇಳಿಸಿತು. ಕಟ್ಟಡದೊಳಗೆ ಒಂದು ಒಣ ಸದ್ದು. ಯಾರೋ ಕೂತು, ಕೈಬೆರಳಿನ ಲಟಿಕೆ ಒಂದೊಂದಾಗಿ, ಸಾವಧಾನವಾಗಿ ತೆಗೆಯುತ್ತಿರುವ ಹಾಗೆ. ಮೇಲೆ ನಮ್ಮ ಬಾಗಿಲು, ಎಳೆದರೂ ಬಾರದ ಆ ಬಾಗಿಲು, ತಾನಾಗಿ ತೂಗಿ ತಾನಾಗಿ ಬಡಿದುಕೊಂಡಿತು.

ಫ್ರಿಜ್ಜಿನ ಗಂಡ ಹೆಂಡತಿ ಹಿಂದೆ ಸರಿದರು. ಅವರನ್ನು ನೋಡಿ ಉಳಿದವರು. ಒಬ್ಬೊಬ್ಬರಾಗಿ ರಸ್ತೆ ದಾಟಿ ನನ್ನ ಕಡೆಗೆ ಬಂದರು. ಹೊಸ್ತಿಲ ಮೇಲೆ ಚಿಕ್ಕಪ್ಪ ಒಬ್ಬನೇ ಉಳಿದ. ಕತ್ತರಿ ಇನ್ನೂ ಅವನ ಕೈಯಲ್ಲಿತ್ತು. ಇಸ್ತ್ರಿಯ ಹೆಗಲುಗಳ ಮೇಲೆ ಬಿಳಿ ಪುಡಿ ಇಳಿಯುತ್ತಿತ್ತು. ಅವನು ಇನ್ನೂ ಕೂಗುತ್ತಲೇ ಇದ್ದ, “ಫ್ಯೂಸ್ ಎಲ್ಲೋ? ಕೇಳಿಸ್ತಾ ಇಲ್ವಾ? ಕಿವಿ ಇಲ್ವಾ ನಿಂಗೆ?”

“ಅವನು ಏನೋ ಕೇಳ್ತಿದಾನೆ ಕಣೋ,” ಅಂದಳು ಅಮ್ಮ ನನ್ನ ಕಿವಿಯ ಹತ್ತಿರ.

ಹೊದಿಕೆಯ ಗಂಟನ್ನು ಬಿಗಿ ಮಾಡಿಕೊಂಡೆ. ನಡೆದಾಗ ಜೇಬಿನಲ್ಲಿ ಫ್ಯೂಸುಗಳು ಒಂದಕ್ಕೊಂದು ತಾಗಿ ಸದ್ದು ಮಾಡಿದವು. ಹಿಂದೆ ಅವನ ದನಿ ಕೂಗುತ್ತಲೇ ಇತ್ತು, ಅದರ ಬೆನ್ನಿಗೆ ಆ ಲಟಿಕೆ. ಬೀದಿಯ ತಿರುವು ಬಂತು. ನಾನು ತಿರುಗಿದೆ, ನಡೆಯುತ್ತ ಹೋದೆ.